ಕೊಟ್ಟಿಗೆಯಲ್ಲಿ ಕೊಳೆಯುವ ಬೈಕಿಗೆ ವಯಸ್ಸಿನ ನೆಪ ಬೇಡ

ಓದುವ ಮೊದಲು ಒಂದು ಕೆಲಸ ಮಾಡಿ. ಮನೆ ಹಿಂದಿನ ಕೊಟ್ಟಿಗೆಗೋ ಸೌದೆ ಶೆಡ್ಡಿಗೋ ಹೋಗಿ ಬನ್ನಿ. ಅಲ್ಲಿ ಅಡಿಕೆ ಹಾಳೆ, ಹಳೇ ಸ್ಪ್ರೇ ಕ್ಯಾನು, ಗೊಬ್ಬರದ ಖಾಲಿ ಚೀಲಗಳ ಅಡಿಯಲ್ಲಿ ಒಂದು ಬೈಕ್ ನಿಂತಿದೆಯಲ್ಲ, ಅದನ್ನು ನೋಡಿ ಬನ್ನಿ. ನಿಮ್ಮನೆಯಲ್ಲಿ ಇಲ್ಲದಿದ್ದರೆ ಪಕ್ಕದ ಮನೆಯಲ್ಲಿ ಇರುತ್ತದೆ. ಕೊಟ್ಟಿಗೆಹಾರದಿಂದ ಕಳಸದವರೆಗೆ, ಬಣಕಲ್, ಬಾಳೂರು, ಮಾಗುಂಡಿ, ಬಾಳೆಹೊಳೆ, ಸಂಸೆ, ಎಲ್ಲಿ ಹೋದರೂ ಇಂಥದ್ದೊಂದು ಗಾಡಿ ನಮ್ಮ ಕಣ್ಣಿಗೆ ಬಿದ್ದೇ ಬೀಳುತ್ತದೆ.

ಯಾಕೆ ನಿಲ್ಲಿಸಿದಿರಿ ಅಂತ ಕೇಳಿದರೆ ಎಲ್ಲರದೂ ಒಂದೇ ಉತ್ತರ: "ಅದಕ್ಕೆ ವಯಸ್ಸಾಯ್ತು ಮಾರಾಯ್ರೆ. ಹೊಸದು ತಗೊಂಡಿದ್ದೀವಿ, ಕಂತು ನಡೀತಿದೆ."

ಈ ಉತ್ತರ ಸುಳ್ಳು ಎಂದು ಹೇಳಲು ನಾವು ಇದನ್ನು ಬರೆಯುತ್ತಿದ್ದೇವೆ. ಆ ಗಾಡಿಗೆ ವಯಸ್ಸಾಗಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಾಲ್ಕು ತಿಂಗಳು, ವರ್ಷ ವರ್ಷವೂ, ನಾವೇ ಅದನ್ನು ನೀರಿನಲ್ಲಿ ನೆನೆಸಿ, ಗೊಬ್ಬರದ ಉಪ್ಪು ಮೆತ್ತಿಸಿ, ಒರೆಸದೆ ಒಳಗೆ ತಳ್ಳಿ ಕೊಂದಿದ್ದೇವೆ. ಕೊಂದ ಮೇಲೆ ಸಾಲ ಮಾಡಿ ಇನ್ನೊಂದು ತಂದು ಅದನ್ನೂ ಹಾಗೇ ಕೊಲ್ಲುತ್ತಿದ್ದೇವೆ.

ಇದು ದುಡ್ಡಿನ ಮಾತು ಮಾತ್ರವಾಗಿದ್ದರೆ ಇಷ್ಟು ಕೂಗುತ್ತಿರಲಿಲ್ಲ. ತುಕ್ಕು ಹಿಡಿದ ಗಾಡಿ ಇಳಿಜಾರಿನಲ್ಲಿ ನಿಲ್ಲುವುದಿಲ್ಲ.

ನಾವು ಬಿದ್ದದ್ದು ಐದು ವರ್ಷದ ಗಾಡಿಯಿಂದ

ನಾವು ಈ ಭಾಗದಲ್ಲಿ ಸುದ್ದಿಗೆ ಓಡಾಡುವವರು. ಸ್ಟ್ರಿಂಜರ್ ಅಂದರೆ ಸಂಬಳವಿಲ್ಲ, ಸುದ್ದಿ ಬಂದರೆ ಇಷ್ಟು ಅಂತ. ಬೈಕ್ ಇಲ್ಲದಿದ್ದರೆ ಸುದ್ದಿಯೂ ಇಲ್ಲ. ಹೆಬ್ಬಾಳೆ ಸೇತುವೆ ಮುಳುಗಿತು ಅಂದರೆ ಕಳಸಕ್ಕೆ ಓಡಬೇಕು, ಚಾರ್ಮಾಡಿಯಲ್ಲಿ ಗುಡ್ಡ ಜಾರಿತು ಅಂದರೆ ಕೊಟ್ಟಿಗೆಹಾರಕ್ಕೆ ಓಡಬೇಕು. ಎರಡೂ ಮಳೆಯಲ್ಲೇ ಆಗುವುದು.

2017ರಲ್ಲಿ ಸಾಲ ಮಾಡಿ ಹೊಸ ಬೈಕ್ ತಗೊಂಡಿದ್ದೆವು. ಮೂರು ವರ್ಷ ಕಂತು ಕಟ್ಟಿದೆವು. ಸರ್ವಿಸ್ ಎಂದರೆ ನಮಗೆ ಗೊತ್ತಿದ್ದದ್ದು ಆಯಿಲ್ ಬದಲಿಸುವುದೊಂದೇ. ಮಳೆಯಲ್ಲಿ ಓಡಿಸಿ ತಂದು ಮನೆ ಪಕ್ಕದ ಸೋಗೆ ಮಾಡಿನ ಕೆಳಗೆ ನಿಲ್ಲಿಸಿ, ಮೇಲೆ ನೀಲಿ ಟಾರ್ಪಲ್ ಹೊದಿಸಿದರೆ ಕೆಲಸ ಮುಗಿಯಿತು ಎಂದುಕೊಂಡಿದ್ದೆವು.

2022ರ ಜುಲೈ, ಪುಷ್ಯ ಮಳೆ. ಮಾಗುಂಡಿ ಕಡೆಯಿಂದ ಬಾಳೆಹೊಳೆಗೆ ಬರುತ್ತಿದ್ದೆವು. ಮುಂದಿನ ಬ್ರೇಕ್ ಮೂರು ವಾರದಿಂದ ಗಟ್ಟಿಯಾಗಿತ್ತು. ಹಿಡಿದರೆ ತಡವಾಗಿ ಬಿಡುತ್ತಿತ್ತು. ನಾಳೆ ತೋರಿಸಿದರಾಯಿತು ಅಂತ ಇಪ್ಪತ್ತು ನಾಳೆಗಳು ಕಳೆದವು. ತಿರುವಿನಲ್ಲಿ ಎದುರಿಗೆ ಪಿಕಪ್ ಬಂತು. ಬ್ರೇಕ್ ಒತ್ತಿದೆವು, ಕೇಬಲ್ ತುಂಡಾಯಿತು. ಹಿಂದಿನ ಬ್ರೇಕ್ ಒಂದನ್ನೇ ತುಳಿದಾಗ ಗಾಡಿ ಅಡ್ಡಡ್ಡ ಜಾರಿ ಚರಂಡಿಗೆ ಹೋಯಿತು. ಭುಜದ ಮೂಳೆ ಮುರಿಯಿತು. ಆರು ವಾರ ಮನೆಯಲ್ಲಿ. ಆ ಆರು ವಾರದಲ್ಲಿ ಬಂದ ಆದಾಯ ಸೊನ್ನೆ.

ಆಮೇಲೆ ಗ್ಯಾರೇಜಿನ ಅಣ್ಣ ಆ ಕೇಬಲ್ಲನ್ನು ಬಿಚ್ಚಿ ತೋರಿಸಿದರು. ಹೊರಗಿನ ಕಪ್ಪು ಕವಚ ಹೊಸದರಂತೆ ಇತ್ತು. ಒಳಗಿನ ತಂತಿ ಎಳೆ ಎಳೆಯಾಗಿ ಕೆಂಪು ಪುಡಿಯಾಗಿತ್ತು. "ಐದು ವರ್ಷದ ಗಾಡಿ ಅಣ್ಣ ಇದು" ಅಂದೆವು. "ಐದು ಮಳೆಗಾಲದ್ದು" ಅಂದರು ಅವರು.

ಇಂದು ನಾವು ಓಡಿಸುತ್ತಿರುವುದು 2007ರ ಹೀರೋ ಹೋಂಡಾ ಸ್ಪ್ಲೆಂಡರ್. ಮೂರು ಮಳೆಗಾಲ ಕೊಟ್ಟಿಗೆಯಲ್ಲಿ ನಿಂತಿದ್ದನ್ನು 2023ರಲ್ಲಿ ತಂದು ಎಬ್ಬಿಸಿದ್ದು. ಇಲ್ಲಿವರೆಗೆ ಅದರ ಬ್ರೇಕ್ ನಮಗೆ ಕೈಕೊಟ್ಟಿಲ್ಲ. ಆದ್ದರಿಂದ ವಯಸ್ಸಿನ ಮಾತನ್ನು ನಮ್ಮೆದುರು ಯಾರೂ ಆಡಬೇಡಿ.

ಮೈಸೂರಿನ ಫ್ಯಾಕ್ಟರಿ ಮುಚ್ಚಿತು, ಗಾಡಿ ನಿಲ್ಲಲಿಲ್ಲ

ನಮ್ಮ ಮಾತು ನಂಬಬೇಡಿ, ಯೆಜ್ಡಿಯನ್ನು ನೋಡಿ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ ಶುರುವಾಗಿದ್ದು 1960ರ ದಶಕದ ಹೊಸ್ತಿಲಲ್ಲಿ. ಮೊದಲು ಜಾವಾ, ಆಮೇಲೆ ಯೆಜ್ಡಿ ಅಂತ ಹೆಸರು. 1996ರಲ್ಲಿ ಕಾರ್ಖಾನೆಗೆ ಬೀಗ ಬಿತ್ತು. ಅಂದರೆ ಅಲ್ಲಿ ಕಟ್ಟಿದ ಅತ್ಯಂತ ಎಳೆಯ ಯೆಜ್ಡಿಗೂ ಇವತ್ತು ಮೂವತ್ತು ವರ್ಷದ ಆಸುಪಾಸು. ಆದರೂ ಅವು ಓಡುತ್ತಿವೆ. ಪ್ರತಿ ವರ್ಷ ಜುಲೈ ಎರಡನೇ ಭಾನುವಾರ ಬೆಂಗಳೂರು, ಮೈಸೂರಿನಲ್ಲಿ ಜಾವಾ–ಯೆಜ್ಡಿ ದಿನ ಅಂತ ಸಾಲುಗಟ್ಟಿ ಬರುತ್ತವೆ. ಅದೂ ಮಳೆಗಾಲದಲ್ಲೇ.

ಯಮಹಾ ಆರ್‌ಎಕ್ಸ್ 100 ಕೂಡ 1985ರಲ್ಲಿ ಬಂದು 1996ರಲ್ಲಿ ನಿಂತ ಗಾಡಿ. ಇವತ್ತು ಅದನ್ನು ಹುಡುಕಿಕೊಂಡು ನಗರದಿಂದ ಹುಡುಗರು ನಮ್ಮ ಊರಿಗೆ ಬರುತ್ತಾರೆ. ಕೊಟ್ಟಿಗೆಯಲ್ಲಿದ್ದದ್ದನ್ನು ಗುಜರಿ ಬೆಲೆಗೆ ಕೊಂಡು, ಒರೆಸಿ, ಬಣ್ಣ ಹೊಡೆದು, ಹತ್ತು ಪಟ್ಟಿಗೆ ಮಾರುತ್ತಾರೆ. ನಾವು "ಹಳೇ ಕಬ್ಬಿಣ ಹೋಯ್ತಲ್ಲ, ಜಾಗ ಖಾಲಿಯಾಯ್ತು" ಅಂತ ಖುಷಿಪಡುತ್ತೇವೆ. ಮೂರು ಕೆ.ಜಿ. ಕಾಳುಮೆಣಸು ತೂಗುವಾಗ ತಕ್ಕಡಿ ಮುಳ್ಳನ್ನು ಬಗ್ಗಿ ನೋಡುವ ನಾವು ಇಲ್ಲಿ ಯಾಕೆ ಇಷ್ಟು ಉದಾರಿಗಳು?

ನಮ್ಮ ಊರಿನ ಉಪ್ಪು

ಚಳಿ ದೇಶಗಳಲ್ಲಿ ಹಿಮ ಕರಗಲಿ ಅಂತ ರಸ್ತೆಗೆ ಉಪ್ಪು ಚೆಲ್ಲುತ್ತಾರೆ. ಆ ಉಪ್ಪು ನೀರು ಸಿಡಿದು ಗಾಡಿ ತುಕ್ಕು ಹಿಡಿಯುತ್ತದೆ. ಅದಕ್ಕೇ ಅಲ್ಲಿನವರು ಚಳಿಗಾಲ ಬರುವ ಮೊದಲೇ ಬೈಕ್ ತೊಳೆದು, ಒಣಗಿಸಿ, ಎಣ್ಣೆ ಹಚ್ಚಿ, ಒಳಗೆ ಇಡುತ್ತಾರೆ. ನಮ್ಮಲ್ಲಿ ಹಿಮ ಎಲ್ಲಿದೆ, ಉಪ್ಪು ಎಲ್ಲಿದೆ ಅಂತ ಕೇಳುತ್ತೀರಾ?

ಉಪ್ಪು ನಿಮ್ಮ ಬೈಕಿನ ಸೀಟಿನ ಮೇಲೇ ಇದೆ. ಕಾಫಿಗೆ ಹಾಕುವ ಪೊಟ್ಯಾಷ್ ಎಂದರೆ ಪೊಟ್ಯಾಶಿಯಂ ಕ್ಲೋರೈಡ್. ಅಡುಗೆ ಉಪ್ಪು ಸೋಡಿಯಂ ಕ್ಲೋರೈಡ್. ಎರಡೂ ಅಣ್ಣತಮ್ಮಂದಿರು. ಕಬ್ಬಿಣಕ್ಕೆ ನೀರು ಮತ್ತು ಗಾಳಿ ಸಿಕ್ಕಿದರೆ ತುಕ್ಕು ಬರುತ್ತದೆ. ಆ ನೀರಿನಲ್ಲಿ ಕ್ಲೋರೈಡ್ ಬೆರೆತರೆ ಹಲವು ಪಟ್ಟು ಬೇಗ ಬರುತ್ತದೆ. ಕ್ರೋಮ್ ಮತ್ತು ಅಲ್ಯೂಮಿನಿಯಂ ಮೇಲೆ ತಾನಾಗಿ ಕೂತಿರುವ ತೆಳುವಾದ ರಕ್ಷಣೆಯನ್ನೂ ಕ್ಲೋರೈಡ್ ತೂತು ಮಾಡುತ್ತದೆ. ಸೊಸೈಟಿಯಿಂದ ಗೊಬ್ಬರದ ಚೀಲವನ್ನು ಟ್ಯಾಂಕ್ ಮೇಲೋ ಹಿಂದಿನ ಕ್ಯಾರಿಯರ್ ಮೇಲೋ ಹೇರಿಕೊಂಡು ಬರುತ್ತೇವೆ. ಚೀಲದ ಮೂಲೆಯಿಂದ ಉದುರಿದ ಹರಳು ಸೀಟಿನ ಕೆಳಗೆ, ಬ್ಯಾಟರಿ ಪೆಟ್ಟಿಗೆ ಪಕ್ಕದಲ್ಲಿ, ಚಾಸಿ ಸಂದಿಯಲ್ಲಿ ಕೂರುತ್ತದೆ. ಮೇಲಿಂದ ಮಳೆ. ಇನ್ನೇನು ಬೇಕು?

ಎರಡನೆಯದು ಬೋರ್ಡೋ. ಶೇ. 1ರ ಬೋರ್ಡೋ ದ್ರಾವಣಕ್ಕೆ 1 ಕೆ.ಜಿ. ಮೈಲುತುತ್ತ, 1 ಕೆ.ಜಿ. ಸುಣ್ಣ, 100 ಲೀಟರ್ ನೀರು. ಅದನ್ನು ಕಬ್ಬಿಣದ ಡ್ರಮ್ಮಿನಲ್ಲಿ ಯಾಕೆ ಕಲಸುವುದಿಲ್ಲ ಅಂತ ನಿಮಗೆ ಗೊತ್ತು. ಕಲಸಿದ ಮೇಲೆ ಚಾಕು ಅದ್ದಿ ನೋಡುತ್ತೀರಿ. ಚಾಕುವಿಗೆ ಕೆಂಪು ಹತ್ತಿದರೆ ಸುಣ್ಣ ಸಾಲದು ಅಂತ ಇನ್ನಷ್ಟು ಹಾಕುತ್ತೀರಿ. ಆ ಕೆಂಪು ಎಂದರೆ ತಾಮ್ರ ಬಂದು ಕೂತು ಕಬ್ಬಿಣ ಕರಗಿಹೋಗಿದ್ದು. ಚಾಕುವಿನ ವಿಷಯದಲ್ಲಿ ಇಷ್ಟು ಜಾಣರಾದ ನಾವು, ಅದೇ ಮೈಲುತುತ್ತದ ಪೊಟ್ಟಣವನ್ನು ಬೈಕಿನ ಸೈಡ್ ಬ್ಯಾಗಿನಲ್ಲಿ ತರುತ್ತೇವೆ. ಸ್ಪ್ರೇ ಮುಗಿಸಿದ ಕೈಯಲ್ಲೇ ಹ್ಯಾಂಡಲ್ ಹಿಡಿಯುತ್ತೇವೆ, ಸೋರುವ ಕ್ಯಾನನ್ನು ಹಿಂದೆ ಕಟ್ಟುತ್ತೇವೆ.

ಮೂರನೆಯದು ಕೊಟ್ಟಿಗೆ. ದನದ ಗಂಜಲದಿಂದ ಏಳುವ ಅಮೋನಿಯಾ ತಾಮ್ರ, ಹಿತ್ತಾಳೆಗಳನ್ನು ತಿನ್ನುತ್ತದೆ. ಬೈಕಿನ ವೈರಿಂಗ್ ತಾಮ್ರ, ಕಾರ್ಬೊರೇಟರಿನ ಜೆಟ್ಟು ಹಿತ್ತಾಳೆ. ಕೊಟ್ಟಿಗೆಯಲ್ಲಿ ನಿಂತ ಗಾಡಿಯ ಇಂಡಿಕೇಟರ್ ಒಂದು ದಿನ ಇದ್ದಕ್ಕಿದ್ದಂತೆ ಹೋಯಿತು ಎನ್ನುತ್ತೀರಿ. ಇದ್ದಕ್ಕಿದ್ದಂತೆ ಏನೂ ಹೋಗಿಲ್ಲ.

ನಾಲ್ಕನೆಯದು ಆ ನೀಲಿ ಟಾರ್ಪಲ್. ಒದ್ದೆ ಗಾಡಿಗೆ ಟಾರ್ಪಲ್ ಹೊದಿಸುವುದೆಂದರೆ ಒದ್ದೆ ಬಟ್ಟೆಯನ್ನು ಕೊಡದಲ್ಲಿ ಮುಚ್ಚಿಟ್ಟ ಹಾಗೆ. ಒಳಗಿನ ತೇವ ಹೊರಗೆ ಹೋಗುವುದಿಲ್ಲ. ಹಳೇ ಹತ್ತಿ ಬೆಡ್‌ಶೀಟ್ ಸಾಕು, ಗಾಳಿಯಾಡುತ್ತದೆ.

ಸುಟ್ಟ ಆಯಿಲ್ ಹೊಡೆಸುವ ಹುಚ್ಚು

ಮಳೆಗಾಲಕ್ಕೆ ಮೊದಲು ಗ್ಯಾರೇಜಿಗೆ ಹೋಗಿ ವೇಸ್ಟ್ ಆಯಿಲಿಗೆ ಡೀಸೆಲ್ ಬೆರೆಸಿ ಗಾಡಿ ತುಂಬಾ ಹೊಡೆಸುವ ಪದ್ಧತಿ ನಮ್ಮಲ್ಲಿದೆ. ಅಪ್ಪಂದಿರ ಕಾಲದಿಂದ ಬಂದದ್ದು. ಈ ವಿಷಯದಲ್ಲಿ ಅಪ್ಪಂದಿರು ತಪ್ಪು.

ಇಂಜಿನ್ ಒಳಗೆ ಸುಟ್ಟ ಆಯಿಲಿನಲ್ಲಿ ಆಮ್ಲ ಇರುತ್ತದೆ, ಸವೆದ ಲೋಹದ ಪುಡಿ ಇರುತ್ತದೆ. ಅದು ರಬ್ಬರ್ ಬುಷ್ಷನ್ನು ಉಬ್ಬಿಸುತ್ತದೆ. ಚೈನಿಗೆ ಬಿದ್ದರೆ ಕೆಸರನ್ನು ಹಿಡಿದಿಟ್ಟು ಮರಳು ಕಾಗದದಂತೆ ಸವೆಸುತ್ತದೆ. ಬ್ರೇಕ್ ಡ್ರಮ್ ಒಳಗೆ ಒಂದು ಹನಿ ಹೋದರೂ ಶೂ ಜಾರುತ್ತದೆ. ಗಾಡಿ ಉಳಿಸಲು ಹೋಗಿ ಬ್ರೇಕಿಗೇ ಎಣ್ಣೆ ಹಚ್ಚಿಕೊಂಡು ಘಾಟಿ ಇಳಿಯುವುದು ಯಾವ ಜಾಣತನ?

ಇನ್ನು ಹೊಳೆಯ ಮಾತು. ಹಾಗೆ ಹೊಡೆಸಿದ ಗಾಡಿಯನ್ನು ಭಾನುವಾರ ಹೊಳೆಗೆ ಇಳಿಸಿ ತೊಳೆಯುತ್ತೇವೆ. ಹೇಮಾವತಿ ಹುಟ್ಟುವುದು ನಮ್ಮ ಜಾವಳಿಯಲ್ಲಿ. ಭದ್ರೆ ಕಳಸವನ್ನು ಬಳಸಿಕೊಂಡು ಬಾಳೆಹೊನ್ನೂರಿನ ಕಡೆ ಹರಿಯುತ್ತಾಳೆ. ಗೊರೂರು, ಲಕ್ಕವಳ್ಳಿ ಅಣೆಕಟ್ಟಿನ ನೀರು ಕುಡಿಯುವವರಿಗೆ ನಾವು ಕಳಿಸುವ ಕಾಣಿಕೆ ಇದು. ಬಳಸಿದ ಆಯಿಲನ್ನು 2016ರ ನಿಯಮದಲ್ಲಿ ಅಪಾಯಕಾರಿ ತ್ಯಾಜ್ಯ ಅಂತಲೇ ಹೆಸರಿಸಿದ್ದಾರೆ. ಹೊಳೆಗೆ ಬಿಡುವಂತಿಲ್ಲ, ಮಣ್ಣಿಗೆ ಸುರಿಯುವಂತಿಲ್ಲ. ಗ್ಯಾರೇಜಿನಲ್ಲಿ ಡಬ್ಬಿಗೆ ತುಂಬಿ, ಮರುಬಳಕೆಗೆ ಒಯ್ಯುವವರಿಗೆ ಕೊಡಬೇಕು.

ಎಬ್ಬಿಸುವ ಕೆಲಸ

ಈಗ ಕೊಟ್ಟಿಗೆಯ ಗಾಡಿಗೆ ಬರೋಣ. ಎಲ್ಲವನ್ನೂ ಉಳಿಸಲು ಬರುವುದಿಲ್ಲ, ಇದನ್ನು ಮೊದಲೇ ಹೇಳಿಬಿಡುತ್ತೇವೆ. ಹ್ಯಾಂಡಲ್ ಕೂರುವ ಕತ್ತಿನ ಬಳಿ, ಬ್ಯಾಟರಿ ಪೆಟ್ಟಿಗೆ ಕೆಳಗೆ, ಸೆಂಟರ್ ಸ್ಟ್ಯಾಂಡ್ ಮತ್ತು ಸ್ವಿಂಗ್ ಆರ್ಮ್ ಸೇರುವಲ್ಲಿ ಚಾಸಿಯನ್ನು ಸ್ಕ್ರೂ ಡ್ರೈವರ್ ಹಿಡಿಯಿಂದ ಬಡಿದು ನೋಡಿ. ಟಣ್ ಅಂದರೆ ಸರಿ. ಬೊದ್ದು ಸದ್ದು ಬಂದು ಪದರ ಉದುರಿದರೆ ಆ ಗಾಡಿ ಗುಜರಿಗೇ ಹೋಗಲಿ. ಚಾಸಿ ನಂಬರ್ ತುಕ್ಕಿನಲ್ಲಿ ಓದಲು ಬಾರದಿದ್ದರೂ, ಆರ್‌ಸಿಗೆ ಹೊಂದದಿದ್ದರೂ ಕೈ ಹಾಕಬೇಡಿ.

ಚಾಸಿ ಗಟ್ಟಿ ಇದೆಯೇ? ಹಾಗಾದರೆ ಹೀಗೆ ಮಾಡಿ.

ಮೊದಲು ಕಿಕ್ಕರ್ ಮೇಲೆ ಹಾರಬೇಡಿ, ಇಳಿಜಾರಿನಲ್ಲಿ ತಳ್ಳಿ ಗೇರಿಗೆ ಹಾಕಬೇಡಿ. ವರ್ಷಗಟ್ಟಲೆ ನಿಂತ ಇಂಜಿನ್ನಿನಲ್ಲಿ ಪಿಸ್ಟನ್ ರಿಂಗು ಬೋರಿಗೆ ಅಂಟಿರಬಹುದು. ಪ್ಲಗ್ ಬಿಚ್ಚಿ ಎರಡು ಚಮಚ ಹೊಸ ಇಂಜಿನ್ ಆಯಿಲ್ ಬಿಟ್ಟು ಎರಡು ದಿನ ಬಿಡಿ. ಆಮೇಲೆ ಕೈಯಿಂದ ಕಿಕ್ಕರನ್ನು ಮೆಲ್ಲಗೆ ಒತ್ತಿ. ತಿರುಗಿದರೆ ಅರ್ಧ ಗೆದ್ದಿರಿ. ತಿರುಗದಿದ್ದರೆ ಜೋರು ಮಾಡದೆ ಮೆಕ್ಯಾನಿಕ್ ಹತ್ತಿರ ಹೋಗಿ.

ಎರಡನೆಯದು ಟ್ಯಾಂಕ್. ಮುಚ್ಚಳ ತೆಗೆದು ಟಾರ್ಚ್ ಬಿಡಿ. ಈಗಿನ ಪೆಟ್ರೋಲಿನಲ್ಲಿ ಶೇ. 20 ಎಥೆನಾಲ್ ಇದೆ. ಎಥೆನಾಲ್ ಗಾಳಿಯ ತೇವ ಹೀರುತ್ತದೆ. ತೇವ ಹೆಚ್ಚಾದರೆ ನೀರು ಬೇರ್ಪಟ್ಟು ತಳದಲ್ಲಿ ಕೂರುತ್ತದೆ, ತಳದಿಂದಲೇ ತುಕ್ಕು ಏಳುತ್ತದೆ. ಹಳೇ ಪೆಟ್ರೋಲ್ ಪೂರ್ತಿ ತೆಗೆದು, ಪೆಟ್ರೋಲ್ ಕಾಕ್ ಬಿಚ್ಚಿ ತೂತು ಮುಚ್ಚಿ, ಅಂಗಡಿಯ ನಿಂಬೆ ಉಪ್ಪನ್ನು ಬಿಸಿ ನೀರಿನಲ್ಲಿ ಕದಡಿ ತುಂಬಿಸಿ ಒಂದು ರಾತ್ರಿ ಬಿಡಿ. ಚೆಲ್ಲಿ, ಅಡುಗೆ ಸೋಡಾ ನೀರಿನಲ್ಲಿ ತೊಳೆಯಿರಿ, ಆಮ್ಲ ಸಾಯಬೇಕು. ಕೂಡಲೇ ಪೂರ್ತಿ ಒಣಗಿಸಿ, ಸ್ವಲ್ಪ ಎಣ್ಣೆ ಹಾಕಿ ಎಲ್ಲ ಕಡೆ ತಿರುಗಿಸಿ. ಒಣಗಿಸದೆ ಬಿಟ್ಟರೆ ಒಂದೇ ದಿನದಲ್ಲಿ ಮತ್ತೆ ಕೆಂಪಾಗುತ್ತದೆ. ಕಕ್ಕಸು ತೊಳೆಯುವ ಆಸಿಡ್ ಮಾತ್ರ ಹಾಕಬೇಡಿ, ಅದು ಟ್ಯಾಂಕನ್ನೇ ತಿನ್ನುತ್ತದೆ.

ಮೂರನೆಯದು ಬ್ರೇಕ್. ಎರಡೂ ಚಕ್ರ ಬಿಚ್ಚಿಸಿ. ಶೂ ಬದಲಿಸಿ, ಡ್ರಮ್ ಉಜ್ಜಿಸಿ. ಶೂ ಅಗಲಿಸುವ ಕ್ಯಾಮ್ ತುಕ್ಕು ಹಿಡಿದು ಗಟ್ಟಿಯಾಗಿರುತ್ತದೆ, ಅದನ್ನು ತೆಗೆದು ಎಮೆರಿ ಪೇಪರಿನಲ್ಲಿ ತಿಕ್ಕಿ ತೆಳುವಾಗಿ ಗ್ರೀಸ್ ಹಚ್ಚಿಸಿ. ಗ್ರೀಸ್ ಶೂಗೆ ತಾಗಬಾರದು. ಬ್ರೇಕ್, ಕ್ಲಚ್, ಆಕ್ಸಿಲೇಟರ್ ಕೇಬಲ್ ಹೊಸದೇ ಹಾಕಿ. ಹಳೆಯದು ಚೆನ್ನಾಗಿ ಕಂಡರೂ ಹಾಕಬೇಡಿ. ನಮ್ಮ ಭುಜ ನೆನಪಿಟ್ಟುಕೊಳ್ಳಿ.

ನಾಲ್ಕನೆಯದು ಬಣ್ಣ. ತುಕ್ಕಿನ ಮೇಲೆ ಬಣ್ಣ ಹೊಡೆದರೆ ತುಕ್ಕು ಬಣ್ಣದ ಕೆಳಗೆ ನೆಮ್ಮದಿಯಾಗಿ ಬೆಳೆಯುತ್ತದೆ. ವೈರ್ ಬ್ರಷ್, ಎಮೆರಿ ಪೇಪರ್, ಬಿಳಿ ಕಬ್ಬಿಣ ಕಾಣುವವರೆಗೆ ಉಜ್ಜು. ಅದರ ಮೇಲೆ ರೆಡ್ ಆಕ್ಸೈಡ್, ಒಣಗಿದ ಮೇಲೆ ಬಣ್ಣ. ಬಿಸಿಲಿರುವ ಮಾರ್ಚ್–ಏಪ್ರಿಲ್‌ನಲ್ಲಿ ಮಾಡಬೇಕಾದ ಕೆಲಸ ಇದು.

ನಮ್ಮ ಲೆಕ್ಕ ಪುಸ್ತಕದಿಂದಲೇ ಬಿಲ್ ಕೊಡುತ್ತೇವೆ. ಗಾಡಿಗೆ 9,000. ಚೈನ್ ಸ್ಪ್ರಾಕೆಟ್ 1,350. ಬ್ರೇಕ್ ಶೂ ಎರಡು ಜೊತೆ 520. ಮೂರು ಕೇಬಲ್ 480. ಕೋನ್ ಸೆಟ್ 450. ಮುಂದಿನ ಶಾಕ್‌ಗೆ ಆಯಿಲ್ ಸೀಲ್, ಆಯಿಲ್ 600. ಚಕ್ರದ ಬೇರಿಂಗ್ 560. ಬ್ಯಾಟರಿ 1,250. ಎರಡು ಟೈರ್, ಟ್ಯೂಬ್ 3,400. ಸೈಲೆನ್ಸರ್ ವೆಲ್ಡಿಂಗ್ 400. ಟ್ಯಾಂಕ್, ಬಣ್ಣ 1,600. ಕೂಲಿ 3,500. ಗಾಡಿ ಬಿಟ್ಟು ಖರ್ಚು 14,110. ಗಾಡಿ ಸೇರಿ 23,110 ರೂಪಾಯಿ.

ಕಂತಿನ ಲೆಕ್ಕ

"2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ 28ರಿಂದ 18ಕ್ಕೆ ಇಳಿದಿದೆ, ಈಗ ಹೊಸದು ತಗೊಳ್ಳದಿದ್ದರೆ ಯಾವಾಗ?" ಅಂತ ಶೋರೂಮಿನವರು ಕೇಳುತ್ತಾರೆ. ಇಳಿದಿದ್ದು ನಿಜ. ಹೊಸ ಗಾಡಿಯಲ್ಲಿ ಒಳ್ಳೆಯದು ಇರುವುದೂ ನಿಜ. 2020ರ ಏಪ್ರಿಲ್‌ನಿಂದ ಬಿಎಸ್ 6, ಹೊಗೆ ಕಡಿಮೆ. 2019ರ ಏಪ್ರಿಲ್‌ನಿಂದ ಸಣ್ಣ ಬೈಕಿಗೆ ಎರಡೂ ಬ್ರೇಕ್ ಒಟ್ಟಿಗೆ ಹಿಡಿಯುವ ವ್ಯವಸ್ಥೆ ಕಡ್ಡಾಯ. ಕೈಯಲ್ಲಿ ದುಡ್ಡಿದ್ದವರು ತಗೊಳ್ಳಲಿ, ನಮ್ಮ ತಕರಾರಿಲ್ಲ.

ತಕರಾರು ಇರುವುದು ಸಾಲ ಮಾಡಿ ತಗೊಳ್ಳುವವರ ಲೆಕ್ಕದ ಬಗ್ಗೆ. ಉದಾಹರಣೆಗೆ 80,000 ರೂ. ಸಾಲ, ಶೇ. 12 ಫ್ಲಾಟ್ ಬಡ್ಡಿ, ಮೂರು ವರ್ಷ. ಬಡ್ಡಿ 28,800. ಒಟ್ಟು 1,08,800. ತಿಂಗಳಿಗೆ ಸುಮಾರು 3,022. ಫ್ಲಾಟ್ ಅಂದರೆ ನೀವು ಅಸಲು ತೀರಿಸುತ್ತಾ ಬಂದರೂ ಬಡ್ಡಿ ಮೊದಲ ದಿನದ 80,000ಕ್ಕೇ ನಡೆಯುತ್ತದೆ. ಉಳಿದ ಅಸಲಿಗೆ ಮಾತ್ರ ಬಡ್ಡಿ ಹಾಕುವ ಬ್ಯಾಂಕ್ ಲೆಕ್ಕಕ್ಕೆ ತಿರುಗಿಸಿದರೆ ಅದು ಶೇ. 21ರ ಹತ್ತಿರ. ಸಹಿ ಹಾಕುವ ಮೊದಲು "ಫ್ಲಾಟಾ, ರೆಡ್ಯೂಸಿಂಗಾ?" ಅಂತ ಒಂದು ಮಾತು ಕೇಳಿ.

ಬಡ್ಡಿ 28,800, ನಮ್ಮ ಗಾಡಿ ಎದ್ದು ನಿಂತ ಒಟ್ಟು ಖರ್ಚು 23,110. ಬಡ್ಡಿಯ ದುಡ್ಡಿಗಿಂತ ಕಡಿಮೆಗೆ ಬೈಕೇ ಬಂತು. ಕಾಫಿ ಕುಯ್ಲಿನ ಮೂರು ನಾಲ್ಕು ತಿಂಗಳು ಕೈತುಂಬ ಕೆಲಸ ಇರುವ ಲೈನ್ ಮನೆಯ ಹುಡುಗನಿಗೆ ಕಂತು ಮಾತ್ರ ಹನ್ನೆರಡು ತಿಂಗಳೂ ಬರುತ್ತದೆ. ಆಷಾಢದಲ್ಲಿ ಕೆಲಸ ಇಲ್ಲ, ಕಂತು ಇದೆ. ಎರಡು ಕಂತು ತಪ್ಪಿದರೆ ಮನೆ ಬಾಗಿಲಿಗೆ ಬರುವವರು ಹೇಗೆ ಮಾತಾಡುತ್ತಾರೆ ಅಂತ ನಾವೂ ಒಮ್ಮೆ ಕೇಳಿಸಿಕೊಂಡಿದ್ದೇವೆ.

ಹದಿನೈದು ವರ್ಷದ ಗುಮ್ಮ

"15 ವರ್ಷ ಆದ ಗಾಡಿ ರಸ್ತೆಗೆ ಇಳಿಸಿದರೆ ಸೀಜ್" ಅನ್ನುವ ವಾಟ್ಸಾಪ್ ಸಂದೇಶ ಬಂದಿದೆಯೇ? ಮುಂದಕ್ಕೆ ಕಳಿಸಬೇಡಿ. ಪೆಟ್ರೋಲ್ ಗಾಡಿಗೆ 15, ಡೀಸೆಲ್‌ಗೆ 10 ವರ್ಷ ಎಂಬ ಕಟ್ಟುಪಾಡು ದೆಹಲಿ ಸುತ್ತಮುತ್ತಲಿನದು. ನಮ್ಮಲ್ಲಿ ಬೈಕಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಗಾಡಿ ತೋರಿಸಿ, ಅರ್ಹವಾಗಿದ್ದರೆ ಐದೈದು ವರ್ಷಕ್ಕೆ ನವೀಕರಿಸಿಕೊಳ್ಳಬಹುದು. ಅರ್ಜಿ ನಮೂನೆ 25.

ನವೀಕರಿಸದೆ ಓಡಿಸುವುದು ಮಾತ್ರ ತಪ್ಪು. ಅಪಘಾತವಾದರೆ ವಿಮೆಯವರು ಮೊದಲು ಕೇಳುವುದು ಆ ಕಾಗದವನ್ನೇ. ಬೇರೆಯವರಿಂದ ಕೊಳ್ಳುವಾಗ ನಮೂನೆ 29, 30ಕ್ಕೆ ಮಾರುವವರ ಸಹಿ ಹಾಕಿಸಿ, 30 ದಿನದೊಳಗೆ ನಿಮ್ಮ ಹೆಸರಿಗೆ ಅರ್ಜಿ ಕೊಡಿ. ಆರ್‌ಸಿಯಲ್ಲಿ ಹಳೇ ಸಾಲ ನಮೂದಾಗಿದ್ದರೆ ಸಾಲ ಕೊಟ್ಟವರ ಎನ್‌ಒಸಿ ಮತ್ತು ನಮೂನೆ 35 ಇಲ್ಲದೆ ದುಡ್ಡು ಕೊಡಬೇಡಿ. 75ರಿಂದ 150 ಸಿಸಿವರೆಗಿನ ಬೈಕಿಗೆ ಥರ್ಡ್ ಪಾರ್ಟಿ ವಿಮೆ 2022ರಲ್ಲಿ ನಿಗದಿಯಾದ ದರದಂತೆ ವರ್ಷಕ್ಕೆ 714 ರೂ., ತೆರಿಗೆ ಬೇರೆ. ಒಂದು ಲೋಡ್ ಸೌದೆಗಿಂತ ಕಡಿಮೆ.

ಸರ್ಕಾರಕ್ಕೂ ಎರಡು ಮಾತು ಹೇಳಬೇಕು. ಬೈಕಿನ ನವೀಕರಣ ಶುಲ್ಕ 300 ಇದ್ದದ್ದು 2022ರ ಏಪ್ರಿಲ್‌ನಲ್ಲಿ 1,000 ಆಯಿತು. 2025ರ ಆಗಸ್ಟ್‌ನಲ್ಲಿ 20 ವರ್ಷ ದಾಟಿದ ಬೈಕಿಗೆ 2,000 ಆಯಿತು. ಶುಲ್ಕ ಹೆಚ್ಚಿಸಿದರೆ ಗಾಡಿಯ ಬ್ರೇಕ್ ಸರಿಹೋಗುತ್ತದೆಯೇ? ಕಳಸದವರು ಒಂದು ಹಳೇ ಬೈಕ್ ತೋರಿಸಲು ತೊಂಬತ್ತು ಕಿ.ಮೀ. ಆಸುಪಾಸು ಓಡಿಸಿಕೊಂಡು ಚಿಕ್ಕಮಗಳೂರಿಗೆ ಹೋಗಬೇಕು. ಒಂದು ದಿನದ ಕೂಲಿ ಹೋಯಿತು. ಅದಕ್ಕೇ ಜನ ನವೀಕರಿಸದೆ ತೋಟದ ಒಳದಾರಿಯಲ್ಲಿ ಓಡಿಸುತ್ತಾರೆ. ಪ್ರತಿ ಮೇ ತಿಂಗಳು ಮೂಡಿಗೆರೆ, ಕಳಸಗಳಲ್ಲೇ ಒಂದೊಂದು ದಿನ ಗಾಡಿ ತಪಾಸಣೆ ಇಡಿ. ಬ್ರೇಕ್, ಲೈಟ್, ಟೈರ್ ನೋಡಿ, ಸರಿ ಇದ್ದರೆ ಅಲ್ಲೇ ಕಾಗದ ಮಾಡಿಕೊಡಿ. ಮಳೆಗೆ ಮೊದಲು ನೂರು ಗಾಡಿಯ ಬ್ರೇಕ್ ನೋಡಿದರೆ ಮಳೆಯಲ್ಲಿ ಒಂದಾದರೂ ಜೀವ ಉಳಿಯುತ್ತದೆ. ಇದು ನಮ್ಮ ಬೇಡಿಕೆ. ಗ್ರಾಮಸಭೆಯಲ್ಲಿ ನೀವೂ ಕೇಳಿ.

ಮಳೆ ನಕ್ಷತ್ರದ ಲೆಕ್ಕದಲ್ಲಿ

ಬಿತ್ತನೆಗೆ ನಕ್ಷತ್ರ ನೋಡುತ್ತೇವೆ. ಗಾಡಿಗೂ ನೋಡಿ, ನೆನಪಿನಲ್ಲಿ ಉಳಿಯುತ್ತದೆ.

ರೋಹಿಣಿಯಲ್ಲಿ: ಕೇಬಲ್ ಮೇಲ್ತುದಿ ಬಿಚ್ಚಿ, ಸಣ್ಣ ಪ್ಲಾಸ್ಟಿಕ್ ಕವರನ್ನು ಆಲಿಕೆಯಂತೆ ಕಟ್ಟಿ, ಅದರೊಳಗೆ ಹೊಸ ಆಯಿಲ್ ಬಿಟ್ಟು ರಾತ್ರಿ ನೇತುಹಾಕಿ, ಕೆಳಗೆ ತೊಟ್ಟಿಕ್ಕುವವರೆಗೆ. ಬ್ಯಾಟರಿ ತುದಿಗಳನ್ನು ಉಜ್ಜಿ ವ್ಯಾಸಲಿನ್ ಹಚ್ಚಿ. ರಿಮ್ಮು, ಕಡ್ಡಿ, ಸೈಲೆನ್ಸರ್ ಹೊರಮೈ, ನಟ್ಟು–ಬೋಲ್ಟಿಗೆ ವ್ಯಾಕ್ಸ್ ಅಥವಾ ತೆಳುವಾಗಿ ಹೊಸ ಗ್ರೀಸ್. ಟೈರ್ ತಾಗುವ ಕಡೆ, ಬ್ರೇಕ್ ಹತ್ತಿರ ಬೇಡ.

ಮೃಗಶಿರದಿಂದ ಆಶ್ಲೇಷದವರೆಗೆ: ವಾರಕ್ಕೊಮ್ಮೆ ಚೈನನ್ನು ಸೀಮೆಎಣ್ಣೆಯಲ್ಲಿ ಒರೆಸಿ, ಒಣಗಿದ ಮೇಲೆ 90 ಆಯಿಲ್. ಗೊಬ್ಬರ, ಮೈಲುತುತ್ತ ಹೇರಿದ ದಿನ ಸಂಜೆಯೇ ಬೋರ್‌ವೆಲ್ ನೀರಿನಲ್ಲಿ ಅಂಗಳದಲ್ಲೇ ತೊಳೆಯಿರಿ. ಸೀಟ್ ಎತ್ತಿ ತೊಳೆಯಿರಿ. ಬೇರಿಂಗ್‌ಗೆ, ಹ್ಯಾಂಡಲ್ ಕತ್ತಿಗೆ ಪ್ರೆಶರ್ ಪೈಪ್ ಹಿಡಿಯಬೇಡಿ. ತೊಳೆದ ಮೇಲೆ ಒಂದೆರಡು ಕಿ.ಮೀ. ಓಡಿಸಿ, ಬ್ರೇಕ್ ಹಿಡಿದು ಬಿಟ್ಟು ಮಾಡಿ. ಡ್ರಮ್ ಬಿಸಿಯಾಗಿ ಒಣಗುತ್ತದೆ. ಬ್ರೇಕ್ ಗಟ್ಟಿಯಾಯಿತು ಅನ್ನಿಸಿದ ದಿನವೇ ತೋರಿಸಿ.

ಓಡಿಸದೆ ನಿಲ್ಲಿಸುವುದಾದರೆ: ದಿನಾ ಬೆಳಿಗ್ಗೆ ಎರಡು ನಿಮಿಷ ಸ್ಟಾರ್ಟ್ ಮಾಡಿ ಆಫ್ ಮಾಡುವ ಅಭ್ಯಾಸ ಬಿಡಿ. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚೂಕಡಿಮೆ ಒಂದು ಲೀಟರ್ ನೀರು ಹುಟ್ಟುತ್ತದೆ. ಇಂಜಿನ್ ಚೆನ್ನಾಗಿ ಕಾದರೆ ಅದು ಆವಿಯಾಗಿ ಹೋಗುತ್ತದೆ, ಕಾಯದಿದ್ದರೆ ಸೈಲೆನ್ಸರಿನಲ್ಲೇ ಉಳಿದು ಒಳಗಿನಿಂದ ತಿನ್ನುತ್ತದೆ. ಓಡಿಸಿದರೆ ಕಾಲು ಗಂಟೆ ಓಡಿಸಿ, ಇಲ್ಲವೇ ಸರಿಯಾಗಿ ಮಲಗಿಸಿ. ಪೆಟ್ರೋಲ್ ತೆಗೆದು, ಕಾರ್ಬೊರೇಟರ್ ಖಾಲಿ ಮಾಡಿ, ಬ್ಯಾಟರಿ ಬಿಚ್ಚಿ, ಮಣ್ಣು ನೆಲದ ಮೇಲೆ ಹಲಗೆ ಹಾಸಿ ಸೆಂಟರ್ ಸ್ಟ್ಯಾಂಡಿನಲ್ಲಿ ನಿಲ್ಲಿಸಿ. ಕೊಟ್ಟಿಗೆಯಲ್ಲಿ ಬೇಡ, ದನದಿಂದ ದೂರ.

ಮಳೆ ಮುಗಿಯಿತು ಅಂತ ಬಿಡಬೇಡಿ. ಕುಯ್ಲಿನ ಕಾಲದಲ್ಲಿ ಬೆಳಗಿನ ಇಬ್ಬನಿಗೆ ಅಂಗಳದ ಗಾಡಿ ಒದ್ದೆಯಾಗಿರುತ್ತದೆ. ಕಣಕ್ಕೆ ಹೋಗುವ ಮುಂಚೆ ಒಂದು ಬಟ್ಟೆಯಲ್ಲಿ ಒರೆಸಿ. ಎರಡು ನಿಮಿಷದ ಕೆಲಸ.

ಗದ್ದೆ ಕತ್ತಿಯನ್ನು ಕೆಲಸ ಮುಗಿದ ಮೇಲೆ ಒರೆಸದೆ ಇಟ್ಟರೆ ಅಜ್ಜ ಬೈಯುತ್ತಿದ್ದರು. ನೂರು ರೂಪಾಯಿಯ ಕತ್ತಿಗೆ ಇದ್ದ ಆ ಮರ್ಯಾದೆ ಲಕ್ಷ ರೂಪಾಯಿಯ ಗಾಡಿಗೆ ಇಲ್ಲ. ಕತ್ತಿ ತುಕ್ಕು ಹಿಡಿದರೆ ಕಳೆ ಉಳಿಯುತ್ತಿತ್ತು, ಅಷ್ಟೇ. ಬ್ರೇಕ್ ಕೇಬಲ್ ತುಕ್ಕು ಹಿಡಿದರೆ ಉಳಿಯದೇ ಇರುವುದು ಯಾರು ಅಂತ ಯೋಚಿಸಿ.

ಈ ಭಾನುವಾರ ಕೊಟ್ಟಿಗೆಯ ಗಾಡಿಯನ್ನು ಅಂಗಳಕ್ಕೆ ತನ್ನಿ. ಅದಕ್ಕೂ ಮುಂಚೆ, ಈಗಲೇ ಎದ್ದು ಹೋಗಿ ನೀವು ದಿನಾ ಓಡಿಸುವ ಗಾಡಿಯ ಮುಂದಿನ ಬ್ರೇಕ್ ಹಿಡಿದು ಬಿಡಿ. ಲಿವರ್ ತಟ್ಟನೆ ವಾಪಸ್ ಬರದಿದ್ದರೆ ನಾಳೆ ಕೆಲಸಕ್ಕೆ ಹೋಗುವ ದಾರಿಯಲ್ಲೇ ಗ್ಯಾರೇಜಿಗೆ ನಿಲ್ಲಿಸಿ. ಇಪ್ಪತ್ತೊಂದನೇ ನಾಳೆಗೆ ಕಾಯಬೇಡಿ.